ಅಡುಗೆಮನೆಯ ಪಕ್ಕದ ಕೋಣೆ

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ನಾನು ಮತ್ತು ಹೆಂಡತಿ ಶಾರದಾ ಯಲ್ಲಾಪುರಕ್ಕೆ ಹೊರಟೆವು. ಎರಡು ವರ್ಷ ಹಾಸಿಗೆ ಹಿಡಿದಿದ್ದ ನನ್ನ ತಾಯಿ ಹಿಂದಿನ ತಿಂಗಳು ತೀರಿಕೊಂಡಿದ್ದರು. ರಾತ್ರಿ ಅವರು ಕರೆದಾಗಲೆಲ್ಲ ಏಳುತ್ತಿದ್ದವಳು ಶಾರದಾ. ಈಗ ಕರೆಯುವವರಿಲ್ಲ. ಆದರೂ ಅವಳಿಗೆ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹತ್ತುತ್ತಿರಲಿಲ್ಲ. ಘಟ್ಟದ ತಂಪಿನಲ್ಲಿ ಮಲಗಿಯಾಳು ಎಂಬುದೇ ಪ್ರವಾಸದ ಉದ್ದೇಶ. ದಿನಕ್ಕೆ ಎರಡು ಸಾವಿರದೊಳಗೆ, ಸದ್ದಿಲ್ಲದ ಕೋಣೆ ಹುಡುಕುವ ಕೆಲಸ ನನ್ನದು.

ಯಲ್ಲಾಪುರದ ಹತ್ತಿರ ಕಾಡಿನೊಳಗಿನ ರೆಸಾರ್ಟಿನವರು ತಲೆಗೆ ನಾಲ್ಕು ಸಾವಿರ ಹೇಳಿದರು. ಪೇಟೆಯ ಲಾಡ್ಜಿನಲ್ಲಿ ಎಂಟುನೂರಕ್ಕೆ ಕೋಣೆ ಇತ್ತು, ಕಿಟಕಿಯ ಕೆಳಗೇ ಲಾರಿಗಳ ಸಾಲು. ಊಟ ಮುಗಿಸಿ ಶಿರಸಿ ಬಸ್ಸು ಹತ್ತಿದೆವು. ಅಲ್ಲಿ ಸಾವಿರದ ಐನೂರಕ್ಕೆ ಹಿಂಬದಿಯ ಕೋಣೆ ಸಿಕ್ಕಿತು. ಒಂದಿಷ್ಟೂ ಸದ್ದಿಲ್ಲ. ಬೆಳಿಗ್ಗೆ ನೋಡಿದರೆ ಶಾರದಾ ಕುರ್ಚಿಯಲ್ಲಿ ಕುಳಿತಿದ್ದಳು.

"ಕೋಣಿ ಚಲೋ ಐತ್ರಿ. ನಿದ್ದಿ ಒಂದ ಬರಲಿಲ್ಲ" ಎಂದಳು.

ಅಂದೇ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹೋಂಸ್ಟೇಗೆ ಹೋದೆವು. ನಡೆಸುವವರು ಸೀತಕ್ಕ. "ಆಸರಿಗೆ ಎಂತ ಕೊಡ್ಲಿ?" ಎನ್ನುತ್ತ ಕುಡಿಯಲು ಮಜ್ಜಿಗೆ ಕೊಟ್ಟು, ಎರಡು ಕೋಣೆ ತೋರಿಸಿದರು. ಅಂಗಳದಾಚೆಯದು ಸಾವಿರದ ಎಂಟುನೂರು, ಕಣಿವೆಯ ಕಡೆ ಕಿಟಕಿ. ಅಡುಗೆಮನೆಗೆ ಅಂಟಿದ್ದು ಸಾವಿರ.

"ಇದು ಬ್ಯಾಡ ತಂಗಿ. ಬೆಳಗಾದ್ರೆ ನನ್ನ ಮಿಕ್ಸರ್ ಶುರುವಾಗ್ತು. ಅದಕ್ಕಿಂತ ಜೋರು ಇವರ ಬಾಯಿ" ಎಂದು ಗಂಡ ಗಣಪಣ್ಣನ ಕಡೆ ಕೈ ತೋರಿಸಿದರು.

"ಇದ ಇರಲ್ರಿ" ಎಂದಳು ಶಾರದಾ. ರೊಕ್ಕದ ಮುಖ ನೋಡಬೇಡ ಎಂದೆ. ಕೇಳಲಿಲ್ಲ.

ಬೆಳಿಗ್ಗೆ ಮಿಕ್ಸರ್ ಕಿರುಚುತ್ತಿತ್ತು. ತೆಳ್ಳೇವು ದೋಸೆಯ ಹಿಟ್ಟಿಗೆ ಉಪ್ಪು ಹಾಕಿಲ್ಲವೆಂದು ಗಣಪಣ್ಣ, ನಾಲಿಗೆಯೇ ಸತ್ತಿದೆ ಎಂದು ಸೀತಕ್ಕ. ಶಾರದಾ ಮಾತ್ರ ಗಾಢ ನಿದ್ದೆಯಲ್ಲಿದ್ದಳು. ಎಲ್ಲಿ ಎಚ್ಚರವಾಗುತ್ತದೋ ಎಂದು ನಾನು ಅಡುಗೆಮನೆಗೆ ಹೋಗಿ, ಸ್ವಲ್ಪ ಮೆಲ್ಲಗೆ ಎಂದು ಕೇಳಿಕೊಂಡೆ. ಸೀತಕ್ಕ ಮಿಕ್ಸರ್ ನಿಲ್ಲಿಸಿ ಗಂಡನನ್ನು ಅಂಗಳಕ್ಕೆ ಅಟ್ಟಿದರು. ಮನೆ ಸ್ತಬ್ಧವಾಯಿತು.

ಸ್ವಲ್ಪ ಹೊತ್ತಿಗೇ ಶಾರದಾ ಬಾಗಿಲಲ್ಲಿ ನಿಂತಿದ್ದಳು. "ಯಾಕ್ರಿ ಎಲ್ಲಾರೂ ಸುಮ್ಮನಾದ್ರಿ? ಯಾರಿಗೇನಾತು?"

"ಯಾರಿಗೂ ಎಂತೂ ಆಗಲಿಲ್ಲೆ. ನಿಮ್ಮವರೇ ನಮ್ಮ ಬಾಯಿ ಮುಚ್ಚಿಸಿದ್ದು" ಎಂದರು ಸೀತಕ್ಕ.

"ನೀವು ಮಾತಾಡ್ರಿ ಅಕ್ಕ. ಮನ್ಯಾಗ ಮತ್ತೊಬ್ರು ಎಚ್ಚರ ಅದಾರ ಅಂದ್ರ ನನಗ ನಿದ್ದಿ ಬರತೈತಿ."

ಸೀತಕ್ಕ ಅವಳ ಮುಖ ನೋಡಿದರು. "ಹೋಗಿ ಮಲಗು ತಂಗಿ. ಆನು ಇಲ್ಲೇ ಇರ್ತೆ." ಮಿಕ್ಸರ್ ಹಾಕಿ ಅಂಗಳಕ್ಕೆ ಕೂಗಿದರು: "ಬನ್ನಿ ಒಳಗೆ, ಜಗಳ ಅರ್ಧಕ್ಕೆ ನಿಂತಿದ್ದು."

ಉಂಚಳ್ಳಿ ಜಲಪಾತಕ್ಕೆ ಹೇಳಿದ್ದ ಆಟೊ ಬಂದು, ಕಾದು, ಹೋಯಿತು. ಶಾರದಾ ಎದ್ದದ್ದು ಊಟದ ಹೊತ್ತಿಗೆ. ಇನ್ನೂ ಎರಡು ದಿನ ಅದೇ ಕೋಣೆಯಲ್ಲಿ ಉಳಿದೆವು.

ವಾಪಸಾಗುವಾಗ ಮುಂಡಗೋಡ ದಾಟಿದ ಮೇಲೆ ಬಸ್ಸಿಗೆ ಬಸ್ಸೇ ತೂಕಡಿಸುತ್ತಿತ್ತು. ಶಾರದಾ ಕಣ್ಣು ಬಿಟ್ಟು ಕುಳಿತಿದ್ದಳು. ನಾನು ಪತ್ರಿಕೆ ಬಿಡಿಸಿ ಅಡಿಕೆ ಧಾರಣೆಯನ್ನು ಗಟ್ಟಿಯಾಗಿ ಓದತೊಡಗಿದೆ. ಶಿರಸಿಯ ದರ ಮುಗಿದು ಸಿದ್ದಾಪುರದ್ದಕ್ಕೆ ಬರುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತು. ಓದುವುದನ್ನು ನಿಲ್ಲಿಸಲಿಲ್ಲ.