ಬೆಸುಗೆ ಹಾಕಿದ ಚಕ್ರಗಳು

ಇಂಥ ಸಂಗತಿಗಳನ್ನು ನಾನು ಎಂದೂ ನಂಬಿದವನಲ್ಲ. ಬ್ರಿಸ್ಬೇನ್‌ನಲ್ಲಿ ನಮ್ಮ ಕಡೆಯ ನಾಲ್ಕಾರು ಕುಟುಂಬಗಳು ಬಾರ್ಬಿಗೆ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟಕ್ಕೆ, ಸೇರಿದಾಗ ಯಾರಾದರೊಬ್ಬರು ತಮ್ಮೂರಿನ ಪಾಳುಬಾವಿಯ ಕಥೆಯನ್ನೋ, ತಾತನ ಬೆನ್ನು ಹತ್ತಿದ ಬೆಳಕಿನ ಕಥೆಯನ್ನೋ ಶುರು ಮಾಡುವುದುಂಟು. ಆಗೆಲ್ಲ ಅಡ್ಡಬಾಯಿ ಹಾಕುತ್ತಿದ್ದವನು ನಾನೇ. ಮೋಡವಿತ್ತೇ, ತಾತನಿಗೆ ಕನ್ನಡಕವಿತ್ತೇ, ಎಷ್ಟು ಕುಡಿದಿದ್ದರು ಎಂದು ಪಾಟೀಸವಾಲು ಮಾಡಿ, ಹೇಳುವವರ ಮುಖ ಸಪ್ಪಗಾದ ಮೇಲೇ ಬಿಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವೂ ಧಾರಾಳವಾಗಿ ಪ್ರಶ್ನೆ ಕೇಳಬಹುದು. ನಡೆದದ್ದು ಹಾಡಹಗಲಲ್ಲಿ, ನಮ್ಮ ಗ್ಯಾರೇಜಿನಲ್ಲಿ. ನೆನೆದರೆ ನನಗೆ ಭಯವಾಗುವುದಿಲ್ಲ, ನಾಚಿಕೆಯಾಗುತ್ತದೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದಾಗ ಅಲ್ಲಿನ ಹಳೆಯ ಡೀಸೆಲ್ ಎಂಜಿನ್‌ಗಳ ಮೋಹ ಅಂಟಿಕೊಂಡಿತು. ಅದರಲ್ಲೂ ಮೂವತ್ತೇಳನೆಯ ವರ್ಗ ಎನ್ನುವ ಎಂಜಿನ್. ಮುಂದಕ್ಕೆ ಚಾಚಿದ ಮೂಗು, ಮೂಗಿಗೆ ಹಳದಿ ಬಣ್ಣ, ಹೊರಡುವಾಗ ಗದ್ದೆಯಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದಂಥ ಸದ್ದು. ಅಭಿಮಾನಿಗಳು ಅದನ್ನು ಪ್ರೀತಿಯಿಂದ ಟ್ರ್ಯಾಕ್ಟರ್ ಎಂದೇ ಕರೆಯುತ್ತಾರೆ. ಬ್ರಿಸ್ಬೇನ್‌ಗೆ ಬಂದ ಮೇಲೆ ನಿಜವಾದದ್ದು ಕಣ್ಣಿಗೆ ಬೀಳುವ ಹಾಗಿಲ್ಲವಲ್ಲ, ಹಾಗಾಗಿ ಮಾದರಿಗಳನ್ನು ಕೊಳ್ಳುವುದು, ಕಟ್ಟುವುದು ಶುರುವಾಯಿತು. ಕಾರು ಬಿಸಿಲಲ್ಲಿ ನಿಂತು ಗ್ಯಾರೇಜೆಲ್ಲ ಹಳಿಗಳಿಂದ ತುಂಬಿತು. "ನಮ್ಮನ್ನಾಳಿದವರ ಡಬ್ಬಾ ಎಂಜಿನ್ ಮೇಲೆ ಇದೇನಯ್ಯಾ ನಿನ್ನ ಪ್ರೀತಿ" ಎಂದು ಗೆಳೆಯರು ಕಾಲೆಳೆಯುತ್ತಾರೆ. ಎಳೆಯಲಿ.

ಈ ಹುಚ್ಚಿನಿಂದಲೇ ಕೆನ್ ಪರಿಚಯವಾದರು. ಎಪ್ಪತ್ತು ದಾಟಿದ ಇಂಗ್ಲಿಷ್ ಯಜಮಾನರು, ಒಂಟಿ ಮನುಷ್ಯ, ಮಾತು ಕಡಿಮೆ. ಹರೆಯದಲ್ಲಿ ನಿಜವಾದ ಮೂವತ್ತೇಳರ ಡ್ರೈವರ್ ಆಗಿದ್ದವರು. ಯಾವುದೋ ಕಾರಣಕ್ಕೆ ಆ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದು, ಫ್ರೀಮ್ಯಾಂಟಲ್ ಬಂದರಿನಲ್ಲಿ ಬಹಳ ಕಾಲ ದುಡಿದು, ಆಮೇಲೆ ಬ್ರಿಸ್ಬೇನ್ ಸೇರಿದ್ದರು. ಅವರು ಕಟ್ಟಿದ್ದ ಮಾದರಿ ಒಂದೇ ಒಂದು: ಹಿತ್ತಾಳೆಯ ತಗಡಿನಲ್ಲಿ ಮಾಡಿದ, ಮೊಳದುದ್ದದ ಒಂದು ಮೂವತ್ತೇಳು. ಕಿಟಕಿಯ ರಬ್ಬರು, ಮೂಗಿನ ಬಾಗಿಲ ಕೀಲು, ಎಲ್ಲವೂ ಕೈಯಲ್ಲೇ ಮಾಡಿದ್ದು. ಅಂಥ ಕೆಲಸವನ್ನು ನಾನು ಇನ್ನೆಲ್ಲೂ ನೋಡಿಲ್ಲ. ದಸರೆ ಮುಗಿದ ಮುಂದಿನ ವಾರ ಅಡಿಲೇಡ್‌ನಲ್ಲಿ ಮಾದರಿ ರೈಲುಗಳ ಪ್ರದರ್ಶನವಿತ್ತು. ಅದಕ್ಕೆ ನಿಮ್ಮ ಎಂಜಿನ್ ಕೊಡಿ, ನಾನೇ ಜೋಪಾನವಾಗಿ ಪೆಟ್ಟಿಗೆ ಮಾಡಿ ವಿಮಾನದಲ್ಲಿ ಒಯ್ಯುತ್ತೇನೆ ಎಂದು ತಿಂಗಳುಗಟ್ಟಲೆ ಬೆನ್ನುಬಿದ್ದು ಒಪ್ಪಿಸಿದೆ.

ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಇದಕ್ಕೆ ಮೋಟರ್ ಇಲ್ಲ. ಉರುಳೋದೂ ಇಲ್ಲ. ಅಚ್ಚುಗಳಿಗೆಲ್ಲ ಬೆಸುಗೆ ಹಾಕಿದೀನಿ. ಎತ್ತಿ ಇಡು, ತಳ್ಳಬೇಡ." ಮಾದರಿ ಎಂಜಿನ್‌ಗೆ ಮೋಟರ್ ಇಲ್ಲದಿರುವುದು ಸಾಮಾನ್ಯ, ಚಕ್ರಕ್ಕೆ ಬೆಸುಗೆ ಹಾಕುವುದನ್ನು ಮಾತ್ರ ನಾನು ಕೇಳಿರಲಿಲ್ಲ. ಕಾರಣ ಕೇಳಬೇಕೆನಿಸಿದರೂ ಅವರ ಮುಖ ನೋಡಿ ಸುಮ್ಮನಾದೆ. ಮನೆಗೆ ತಂದು, ಹಲಗೆಯ ಮೇಲೆ ಒಂದು ಗಜದಷ್ಟು ಹಳಿ ಜೋಡಿಸಿ, ಅದರ ಮೇಲೆ ಎತ್ತಿಟ್ಟೆ.

ಆಗ ಅಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಹೊಲಿಗೆ ಹೇಳಿಕೊಟ್ಟು ಅರ್ಧ ಬೀದಿಯ ಹೆಣ್ಣುಮಕ್ಕಳನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸಿದವಳು. ಮಾತಿನಲ್ಲಿ ಖಾರ ಇದ್ದರೂ ಸುಳ್ಳಿಲ್ಲ. ಆ ವರ್ಷ ಆಯುಧಪೂಜೆ ಶನಿವಾರ ಬಂದಿತ್ತು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಮ್ಮ ಬೆಳಿಗ್ಗೆಯಿಂದಲೇ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚುತ್ತ ಓಡಾಡಿದಳು. ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನ ಕೈಯಲ್ಲಿ ಅದರ ಮೇಲೆ ಹತ್ತಿಸಿಯೂ ಆಯಿತು. "ನಿನ್ನ ರೈಲುಗಳಿಗೂ ಮಾಡ್ಲೇನೋ?" ಎಂದು ಕೇಳಿದಳು. ನಾನು ಫೋನಿನಲ್ಲಿದ್ದೆ. ತಲೆಯಾಡಿಸಿ, ಬಾಳೆಎಲೆ ತರಲು ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಗೆ ಹೊರಟೆ.

ಮಧ್ಯಾಹ್ನ ವಾಪಸು ಬಂದು ಗ್ಯಾರೇಜಿಗೆ ಕಾಲಿಟ್ಟೆ. ನನ್ನ ಎಂಜಿನ್‌ಗಳ ಜೊತೆಗೆ ಕೆನ್ ಅವರ ಎಂಜಿನ್‌ನ ಹಳದಿ ಮೂಗಿನ ಮೇಲೂ ಕುಂಕುಮ. ಅದೂ ನೀರಲ್ಲಿ ಕಲಸಿದ ಕುಂಕುಮ. ಮೇಲೊಂದು ಸೇವಂತಿಗೆ ಹೂವು. ಮುಂದಿನ ಚಕ್ರಗಳೆದುರು, ಎರಡೂ ಹಳಿಗಳ ಮೇಲೆ, ನಮ್ಮ ಕುಂಡದ ಗಿಡದಿಂದ ಕಿತ್ತ ಎರಡು ನಿಂಬೆಮಿಡಿಗಳು. ಕಡಲೆಕಾಳಿಗಿಂತ ತುಸು ದಪ್ಪ, ಹಸಿರು, ಗುಂಡಗೆ ಇದ್ದವು. ಅವನ್ನು ನಾನು ಕಣ್ಣಾರೆ ನೋಡಿದೆ. ಬೇರೆ ದಿನವಾಗಿದ್ದರೆ ಅಮ್ಮನ ಅಚ್ಚುಕಟ್ಟಿಗೆ ನಕ್ಕುಬಿಡುತ್ತಿದ್ದೆನೇನೋ. ಆದರೆ ಆಗ ಅಡುಗೆಮನೆಗೆ ಹೋಗಿ, "ಏನಮ್ಮ ಇದು, ಬೇರೆಯವರ ಸಾಮಾನಿಗೆಲ್ಲ ಬಳಿದಿಟ್ಟಿದ್ದೀಯಲ್ಲ!" ಎಂದು ರೇಗಿದೆ. ಅವಳು "ನೀನೇ ಹೂಂ ಅಂದ್ಯಲ್ಲೋ" ಎಂದಳು. ನಾನು ಒರೆಸಲು ಹತ್ತಿ, ಸ್ಪಿರಿಟ್ಟು ಹುಡುಕುತ್ತ ಬಟ್ಟೆ ಒಗೆಯುವ ಕೋಣೆಗೆ ಹೋದೆ. ಅವಳು ಮಂಗಳಾರತಿ ಬಾಕಿಯಿದೆ ಎಂದು ತಟ್ಟೆ ಹಿಡಿದು ಗ್ಯಾರೇಜಿಗೆ ಹೋದಳು. ಒಂದೆರಡು ನಿಮಿಷ ಅವಳೊಬ್ಬಳೇ ಅಲ್ಲಿದ್ದಳು.

ನಾನು ಬಂದಾಗ ಅಮ್ಮ ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದು ಅಲುಗಾಡದೆ ನಿಂತಿದ್ದಳು. ಕರ್ಪೂರ ಇನ್ನೂ ಉರಿಯುತ್ತಿತ್ತು. ಕೆನ್ ಅವರ ಎಂಜಿನ್ ಮೊದಲಿದ್ದ ಜಾಗದಿಂದ ಒಂದು ಗೇಣು ಮುಂದೆ ಇತ್ತು. ಹಳಿಗಳ ಮೇಲೆ ನಿಂಬೆಮಿಡಿಗಳು ಅಪ್ಪಚ್ಚಿಯಾಗಿ ಬಿದ್ದಿದ್ದವು. ಗ್ಯಾರೇಜೆಲ್ಲ ಎಳೆ ನಿಂಬೆಯ ವಾಸನೆ.

"ಹೊರಟಿತು ಕಣೋ," ಎಂದಳು ಅಮ್ಮ, ದನಿ ಸಣ್ಣಗೆ ಮಾಡಿ. "ನಾನು ಮುಟ್ಟಲಿಲ್ಲ. ಮೆಲ್ಲಗೆ ಹೊರಟು ತಾನೇ ನಿಂತ್ಕೊಂಡಿತು."

ನಾನು ಮಾಡಿದ ಮೊದಲ ಕೆಲಸ, ರಸಮಟ್ಟ ತಂದು ಹಲಗೆಯ ಮೇಲಿಟ್ಟದ್ದು. ಗುಳ್ಳೆ ನಟ್ಟನಡುವೆ ನಿಂತಿತು. ಇಳಿಜಾರಿಲ್ಲ, ಮೋಟರ್ ಇಲ್ಲ, ಕೋಣೆಯಲ್ಲಿ ಇದ್ದದ್ದು ಒಬ್ಬಳೇ. ಲೆಕ್ಕ ಸುಲಭವಾಗಿ ಮುಗಿಯಿತು. "ತಳ್ಳಿದ್ರೆ ತಳ್ಳಿದೆ ಅನ್ನು, ಕಥೆ ಕಟ್ಟಬೇಡ" ಎಂದು ಕಿರುಚಿದೆ. ಅಮ್ಮ ತಟ್ಟೆ ಕೆಳಗಿಟ್ಟಳು. ನನ್ನ ಕಡೆ ನೋಡಲೂ ಇಲ್ಲ. ನಾನು ಕೆನ್‌ಗೆ ಫೋನ್ ಮಾಡಿ, ನಮ್ಮ ತಾಯಿ ತಿಳಿಯದೆ ನಿಮ್ಮ ಎಂಜಿನ್‌ಗೆ ಬಣ್ಣ ಮೆತ್ತಿ, ತಳ್ಳಿ ಹಾಳು ಮಾಡಿದ್ದಾರೆ, ದಯವಿಟ್ಟು ಬಂದು ನೋಡಿ ಎಂದೆ.

ಆ ಆರ್ವೋನೇ, ಅಂದರೆ ಅದೇ ಮಧ್ಯಾಹ್ನ, ಕೆನ್ ಬಂದರು. ಅವರು ಬರುವ ಮೊದಲೇ ನಾನು ಅಮ್ಮನನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ ಹೇಗೆ ಕ್ಷಮೆ ಕೇಳಬೇಕೆಂದು ಪಾಠ ಮಾಡಿದ್ದೆ. ಅವಳು ಕೈಮುಗಿದು "ಸಾರಿ ಸರ್" ಎಂದಳು. ಮೈಸೂರಿನಲ್ಲಿ ಎಲ್ಲರಿಂದ ಅಮ್ಮಾವ್ರೇ ಎನ್ನಿಸಿಕೊಂಡವಳು, ಮಾಡಿಲ್ಲ ಎಂದು ತಾನೇ ಹೇಳಿದ ತಪ್ಪಿಗೆ, ನನ್ನ ಮರ್ಯಾದೆ ಉಳಿಸಲು ಅಪರಿಚಿತರ ಮುಂದೆ ಕೈಮುಗಿದು ನಿಂತಳು. ಇದನ್ನು ಬರೆಯುವಾಗಲೂ ನನಗೆ ತಲೆ ಎತ್ತಲಾಗುತ್ತಿಲ್ಲ.

ಕೆನ್ ಕುಂಕುಮದ ಕಡೆ ಹೆಚ್ಚು ಗಮನ ಕೊಡಲಿಲ್ಲ. ಎಂಜಿನ್ ಎತ್ತಿ, ಬಟ್ಟೆಯ ಮೇಲೆ ಮಗುಚಿ ಮಲಗಿಸಿದರು. ಮುಂದಿನ ಚಕ್ರದ ಅಂಚಿನ ಸುತ್ತ ಬೆರಳಾಡಿಸಿದರು, ಮೂಸಿದರು, ನನ್ನ ಕಡೆ ಚಾಚಿದರು. ಚಕ್ರದ ಅಂಚಿಗೆ ನಿಂಬೆಯ ಹಸಿರು ತಿರುಳು ಮೆತ್ತಿತ್ತು. ಕೆಳಗೆ ಮಾತ್ರ ಅಲ್ಲ, ಸುತ್ತಲೂ, ಬಳೆಯ ಹಾಗೆ.

"ತಿರುಗಿದೆ," ಎಂದರು ಕೆನ್.

ಹೆಬ್ಬೆರಳಿನಿಂದ ಒತ್ತಿ ತಿರುಗಿಸಲು ನೋಡಿದರು. ಚಕ್ರ ಜಗ್ಗಲಿಲ್ಲ. ನಾನು ಬಲ ಹಾಕಿ ನೋಡಿದೆ, ಜಗ್ಗಲಿಲ್ಲ. ಬೆಸುಗೆಗಳಲ್ಲಿ ಒಂದು ಬಿರುಕೂ ಇರಲಿಲ್ಲ. ಎಂಜಿನ್ ಮತ್ತೆ ಹಳಿಗಿಟ್ಟು, ಎದುರಿಗೆ ಇನ್ನೊಂದು ಮಿಡಿಯಿಟ್ಟು ತಳ್ಳಿದರು. ಚಕ್ರಗಳು ಕರಕರ ಎಂದು ಜಾರಿದವು. ಮಿಡಿ ಅಪ್ಪಚ್ಚಿಯಾಗಲಿಲ್ಲ, ಮುಂದೆ ಮುಂದೆ ಉರುಳುತ್ತ ಹೋಗಿ ಹಳಿಯಿಂದ ಕೆಳಗೆ ಬಿತ್ತು. ತಳ್ಳಿದ್ದರೆ ಹೀಗಾಗಬೇಕಿತ್ತು. ಇಷ್ಟನ್ನು ನಾನೇ ಮೊದಲು ಮಾಡಿ ನೋಡಬಹುದಿತ್ತು. ಎಂಜಿನಿಯರ್ ಎಂದು ಹೇಳಿಕೊಳ್ಳುವ ನನಗೆ ಅದು ಹೊಳೆಯಲೇ ಇಲ್ಲ.

ಕೆನ್ ಅಮ್ಮನ ಕಡೆ ತಿರುಗಿ, ನಿಂಬೆ ಏಕಿಟ್ಟಿರಿ ಎಂದು ಕೇಳಿದರು. ಅಮ್ಮ ಕನ್ನಡದಲ್ಲೇ ಹೇಳಿದಳು: "ಚಕ್ರ ಅಂದ್ಮೇಲೆ ಅದಕ್ಕೊಂದು ಹಸಿವು ಇರುತ್ತೆ. ನಾವೇ ಮುಂದಾಗಿ ಒಂದು ನಿಂಬೆಹಣ್ಣು ಕೊಟ್ಬಿಟ್ರೆ, ಆಮೇಲೆ ಅದು ಯಾರ ಜೀವಾನೂ ಕೇಳಲ್ಲ. ಅಷ್ಟೇನಪ್ಪ."

ನನಗೆ ಮುಜುಗರವಾಯಿತು. "ಇಟ್ಸ್ ಜಸ್ಟ್ ಫಾರ್ ಗುಡ್ ಲಕ್" ಎಂದು ಹೇಳಿ ಮುಗಿಸಿದೆ.

ಕೆನ್ ನನ್ನನ್ನೇ ನೋಡಿದರು. "ಅವರು ಅದಕ್ಕಿಂತ ತುಂಬಾ ಜಾಸ್ತಿ ಹೇಳಿದ್ರು, ಮೇಟ್."

ವಿಧಿಯಿಲ್ಲದೆ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ. ಅರ್ಧಕ್ಕೇ ಕೆನ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಎಂಜಿನ್‌ನ ಪಕ್ಕದಲ್ಲಿ ಬರೆದಿದ್ದ ನಂಬರಿನ ಮೇಲೆ ಬೆರಳಿಟ್ಟು, ಇದೇ ನಂಬರಿನ ಗಾಡಿ ನಾನು ಕೊನೆಗೆ ಓಡಿಸಿದ್ದು ಎಂದರು. ಮಂಜು ಕವಿದ ಬೆಳಿಗ್ಗೆ, ಹಳಿ ರಿಪೇರಿಯವನೊಬ್ಬ ಎದುರಿಗೆ ಸಿಕ್ಕಿದ. ಬ್ರೇಕ್ ಹಾಕಿದರೂ ಗಾಡಿ ನಿಲ್ಲಲಿಲ್ಲ. ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದಾಯಿತು. ಆಮೇಲೆ ಅವರು ಯಾವ ಎಂಜಿನ್ನನ್ನೂ ಹತ್ತಲಿಲ್ಲ. ಎಷ್ಟೋ ವರ್ಷಗಳ ನಂತರ ಇದನ್ನು ಕಟ್ಟಿದಾಗ, ಕೊನೆಯಲ್ಲಿ ಮಾಡಿದ ಕೆಲಸ ಚಕ್ರಗಳಿಗೆ ಬೆಸುಗೆ ಹಾಕಿದ್ದು.

"ಇದಾದ್ರೂ ನಿಂತಿರ್ಲಿ ಅಂತ," ಎಂದರು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನನಗೇ ಗೊತ್ತಿಲ್ಲದ್ದು ಅಮ್ಮನಿಗೆ ಗೊತ್ತಿರುವ ಮಾತೇ ಇಲ್ಲ. ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಮ್ಮನ ಕಣ್ಣುಗಳು ತುಂಬಿಕೊಂಡವು. "ಆಯ್ತು ಅಂತ ಹೇಳು ಅವ್ರಿಗೆ. ಕೊಡಬೇಕಾದ್ದು ಕೊಟ್ಟಾಯ್ತು, ಅದು ತಗೊಂಡೂ ಆಯ್ತು. ಇನ್ನು ಅವ್ರು ಬೇಜಾರು ಮಾಡ್ಕೋಬಾರ್ದು" ಎಂದಳು. ಈ ಸಲ ಒಂದು ಅಕ್ಷರ ಬಿಡದೆ ಹೇಳಿದೆ. ಕೆನ್ ಎದ್ದು ಬಂದು, ಕೈ ಕೊಡುವುದೋ ಬಿಡುವುದೋ ತಿಳಿಯದೆ, ಕೊನೆಗೆ ಅಮ್ಮನ ಹಾಗೆಯೇ ಕೈ ಜೋಡಿಸಿದರು. ನಾನು ಹತ್ತಿ ಹಿಡಿದು ಮೂಗು ಒರೆಸಲು ಹೋದರೆ ಬೇಡ ಎಂದು ತಡೆದರು.

ಅಡಿಲೇಡ್‌ಗೆ ಎಂಜಿನ್ ಕುಂಕುಮದ ಸಮೇತವೇ ಹೋಯಿತು, ಕೆನ್ ಕೂಡ ಜೊತೆಗೆ ಬಂದರು. ಪ್ರದರ್ಶನದಲ್ಲಿ ಯಾರೋ ಆ ಕೆಂಪು ಗುರುತು ಏನು ಎಂದಾಗ ನಾನು ಬಣ್ಣ ತಾಗಿದೆ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕೆನ್, "ಇವನ ತಾಯಿ ಇಟ್ಟದ್ದು" ಎಂದರು. ಬೇರೆ ವಿವರಣೆ ಕೊಡಲಿಲ್ಲ. ಈಗ ಅವರು ಪರ್ತ್‌ನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎಂಜಿನ್ ಅವರ ಕೋಣೆಯಲ್ಲಿದೆ. ಆಮೇಲೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲವಂತೆ.

ಅಮ್ಮ ಮೈಸೂರಿಗೆ, ಅಣ್ಣನ ಮನೆಗೆ ಹಿಂದಿರುಗಿ ಬಹಳ ದಿನಗಳಾದ ಮೇಲೆ ಫೋನಿನಲ್ಲಿ ತೊದಲುತ್ತ ಕ್ಷಮೆ ಕೇಳಿದೆ. ಅವಳು ನಕ್ಕಳು. "ಬಿಡೋ. ನೀನು ನಂಬದೇ ಇದ್ರೆ ಏನೀಗ, ಆ ಯಜಮಾನ್ರು ನಂಬಿದ್ರಲ್ಲ" ಎಂದು ಹೇಳಿ, ಊಟ ಆಯ್ತಾ ಎಂದು ಕೇಳಿದಳು.

ನಂಬುತ್ತೇನೆ ಎಂದು ಅವಳಿಗೆ ಹೇಳಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ಬೆಸುಗೆ ಹಾಕಿದ ಚಕ್ರ ಹೇಗೆ ತಿರುಗಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕರ್ಪೂರದ ಶಾಖವೇ, ಹಲಗೆಯ ಕಂಪನವೇ ಎಂದು ಏನೇನೋ ಯೋಚಿಸಿದ್ದೇನೆ, ಯಾವುದೂ ಹೊಂದುವುದಿಲ್ಲ. ಆದರೂ ಬಿಡುವಾದಾಗಲೆಲ್ಲ ಮತ್ತೆ ಲೆಕ್ಕ ಹಾಕಲು ಕೂರುತ್ತೇನೆ. ಹಾಗೆ ಕೂತಾಗ ನನಗೆ ಮೊದಲು ಅನುಮಾನ ಬರುವುದು, ತಟ್ಟೆ ಹಿಡಿದಿದ್ದ ಅಮ್ಮನ ಆ ಎರಡು ಕೈಗಳ ಮೇಲೆಯೇ.