ನೀಲಕ್ಕನ ಗಂಟಲಮಣಿ

ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಅಂದು ಮೊದಲು ಬಾಯಿಬಿಟ್ಟವನು ನಾನೋ, ಕಮಲಾಪುರದಿಂದ ಬಂದ ಆ ಹೆಂಗಸೋ, ಆಣೆ ಮಾಡಿ ಹೇಳಲಾರೆ. ನನಗಾಗ ಏಳು ವರ್ಷ; ಎಂಟೂ ಇದ್ದೀತು. ನೆನಪನ್ನು ನಂಬುವವನಲ್ಲ ನಾನು. ಸಿಟ್ಟು ಮಾತ್ರ ಇದ್ದ ಹಾಗೇ ಇದೆ.

ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಎಣಿಕೆ ಕಲಿತದ್ದೂ ಉರ್ದುವಿನಲ್ಲೇ. ಬೇಸಿಗೆಯಲ್ಲಿ ಮನೆಗೆ ಬಂದ ಗಂಡಸರು ತಂಬಿಗೆ ಎತ್ತಿ ನೀರು ಕುಡಿಯುವಾಗ ಅವರ ಗಂಟಲಮಣಿ ಮೇಲೆ ಕೆಳಗೆ ಓಡುತ್ತಿತ್ತು. ನಾವು ಹುಡುಗರು ಅದನ್ನು 'ಇಲಿ' ಎನ್ನುತ್ತಿದ್ದೆವು. ಇಲಿ ಎಷ್ಟು ಸಲ ಜಿಗಿಯಿತೆಂದು ಎಣಿಸುವುದೇ ನಮ್ಮ ಆಟ.

ಆ ಬೇಸಿಗೆ ನನ್ನ ಅಕ್ಕ ನೀಲಕ್ಕನನ್ನು ಹೆಣ್ಣು ನೋಡಲು ಕಮಲಾಪುರದವರು ಬಂದರು. ಅವರು ತಂದ ಕೆಂಪು ಬಾಳೆಹಣ್ಣಿನ ವಾಸನೆ ಪಡಸಾಲೆ ತುಂಬಿತ್ತು. ಹುಡುಗನ ತಾಯಿ ಅಕ್ಕನನ್ನು ನಡೆಸಿದಳು, ಜಡೆ ಬಿಚ್ಚಿಸಿದಳು, ಹಾಡಿಸಿದಳು. ಹಾಡಿ ಬಾಯಾರಿದ ಅಕ್ಕ ತಂಬಿಗೆ ಎತ್ತಿದಳು. ಅವಳದು ತೆಳ್ಳನೆಯ ಕುತ್ತಿಗೆ.

"ಏಕ್, ದೋ, ತೀನ್..."

ಅದು ನನ್ನ ದನಿಯೇ ಎಂದು ನನ್ನ ಅನುಮಾನ.

ಆ ಹೆಂಗಸು ಅಕ್ಕನ ಗದ್ದ ಎತ್ತಿ ಕುತ್ತಿಗೆಗೆ ಬೆರಳಿಟ್ಟಳು. "ಯವ್ವಾ, ಗಂಡಸ್ರ ಗಂಟಲಮಣಿ ಅದ ನೋಡ್ರಿ ಈಕಿಗಿ! ನಾಳಿಗಿ ಮೀಸಿನೂ ಬರ್ತಾವೇನ?"

ಜೊತೆಯವರು ನಕ್ಕರು.

"ತೆಳ್ಳಗದಾಳ್ರೀ, ಅದಕ್ಕ ಕಾಣ್ತದ," ಎಂದಳು ಅವ್ವ.

"ನಂಗ ಮೊಮ್ಮಕ್ಕಳು ಬೇಕ್ರೀ ಯವ್ವಾ. ಹಿಂತಾಕಿಗಿ ಮಕ್ಕಳಾಗಂಗಿಲ್ಲ."

ಥೂ! ಈ ಹೆಂಗಸಿನ ಗಂಟಲನ್ನು ಯಾರು ಮುಟ್ಟಿ ನೋಡಿದ್ದರು? ಅಪ್ಪನ ಇಲಿ ಒಮ್ಮೆ ಏರಿ ಇಳಿಯಿತು, ಅಷ್ಟೇ.

ಸಂಬಂಧ ಮುರಿಯಿತು. ಮಾತು ಊರೆಲ್ಲ ಹಬ್ಬಿತು. ಮತ್ತೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ. ಕಲಬುರಗಿಯ ಆ ಸುಡುಬಿಸಿಲಿನಲ್ಲೂ ಅಕ್ಕ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಇದ್ದಳು. ಗೋಡೆಯ ಕಡೆ ತಿರುಗಿ ನೀರು ಕುಡಿಯುತ್ತಿದ್ದಳು. ಹಾಡು ನಿಂತುಹೋಯಿತು.

ದೊಡ್ಡವನಾದ ಮೇಲೆ ಒಮ್ಮೆ, ಅಂದು ಎಣಿಸಿದವನು ನಾನೇ ಏನು ಎಂದು ಅಕ್ಕನನ್ನು ಕೇಳಿದೆ.

"ಎಣಿಸಿದವ ನೀ ಅಲ್ಲೋ ತಮ್ಮಾ," ಎಂದಳು. "ನೀ ಆಗ ಬಾಳಿಹಣ್ಣು ತಿನ್ನಾಕ ಕುಂತಿದ್ದಿ."

ನಿಜವೋ, ನನ್ನನ್ನು ಉಳಿಸಲು ಹೇಳಿದಳೋ. ಈಗ ಕೇಳೋಣವೆಂದರೆ ಅವಳಿಲ್ಲ. ಅವಳು ಅಂದು ಹಾಡಿದ ಹಾಡಿನ ಒಂದು ಸಾಲೂ ನನ್ನಲ್ಲಿ ಉಳಿದಿಲ್ಲ.

ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಹೈದರಾಬಾದಿನಲ್ಲಿ ಓದುವಾಗ, ಡಾಕ್ಟರಿ ಕಲಿಯುತ್ತಿದ್ದ ಗೆಳೆಯನನ್ನು ಕಾಡಿ ಹೆಣ ಕೊಯ್ಯುವ ಕೋಣೆಗೆ ಹೋದೆ. ಅವನು ಗಂಡಿನದೊಂದು, ಹೆಣ್ಣಿನದೊಂದು ಗಂಟಲು ಪಕ್ಕಪಕ್ಕ ಇಟ್ಟ. ಒಂದು ತುಸು ಚೂಪು, ಇನ್ನೊಂದು ತುಸು ಅಗಲ. ಬೆರಳಿಟ್ಟು ನೋಡಿದೆ.

ಗಂಟಲಮಣಿ ಎರಡರಲ್ಲೂ ಇತ್ತು.