ಡಿ ವಿಭಾಗದ ಹುಡುಗಿ

ಕಾಲೇಜಿನ ಹಿಂಬಾಗಿಲಿಗೆ ಎದುರಾಗಿ ಇದ್ದ ಉದ್ದನೆಯ ಮಳಿಗೆಯನ್ನು ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಒಂದು ಪಾಲಿನಲ್ಲಿ ಅಣ್ಣನ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ತಂಗಿಯ ಕಂಪ್ಯೂಟರು. ಅಣ್ಣ ಯಂತ್ರ ತುಳಿದನೆಂದರೆ ತಂಗಿಯ ಮೇಜು ಗಡಗಡ ನಡುಗುತ್ತಿತ್ತು. ಹುಡುಗರೆಲ್ಲ ಅವಳನ್ನು ಟೈಪಿನಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತೆಂಟು. ಕತ್ತು ಎಡಕ್ಕೆ ತಿರುಗಿದರೆ ಬಲಕ್ಕೆ ಬರಲು ಮೊಂಡು ಹಿಡಿಯುತ್ತಿತ್ತು. ಸಂಜೆಯಾದರೆ ಕಣ್ಣೊಳಗೆ ಮರಳು ತುಂಬಿದಂತೆ.

ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಇಪ್ಪತ್ತೆರಡು ವರ್ಷಗಳಿಂದ ಅವಳೇ ಟೈಪು ಮಾಡಿ ಪುಟ ಕಟ್ಟುತ್ತಿದ್ದಳು. ಈಗಿನ ಹಾಡುಗಳಲ್ಲಿ ಜೀವವಿಲ್ಲ ಎಂದು ಒಬ್ಬ ಬರೆಯುತ್ತಿದ್ದ. ಹಳೆಯ ಹಾಡು ಕೇಳಿದರೆ ನಿದ್ದೆ ಬರುತ್ತದೆ ಎಂದು ಇನ್ನೊಬ್ಬಳು. ಮೂರು ಗಂಟೆಯ ಸಿನಿಮಾವನ್ನು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಒಂಬತ್ತು ತುಂಡು ಮಾಡಿ ನೋಡಿದವನು ಅದಕ್ಕೆ ಐದು ಪುಟ ವಿಮರ್ಶೆ ಬರೆಯುತ್ತಿದ್ದ. ಪುಸ್ತಕ ಓದುವುದಿಲ್ಲ, ಕಿವಿಯಲ್ಲಿ ಕೇಳುತ್ತೇವೆ, ಅದೂ ಓದೇ ಎಂದು ವಾದ ಹೂಡುವವರಿದ್ದರು. ಪ್ರತಿ ವರ್ಷವೂ ಹೊಸ ಹುಡುಗರು, ಹೊಸ ಪದಗಳು, ಅದೇ ಜಗಳ. ಟೈಪು ಮಾಡಿ ಮಾಡಿ ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆದರೂ ಬೆರಳು ಓಡುತ್ತಿದ್ದಾಗ, 'ಅಯ್ಯೋ ದಡ್ಡಾ, ಹಾಗಲ್ಲ ಅದು' ಎಂದು ಒಳಗೊಂದು ದನಿ ಗೊಣಗುವುದು ನಿಲ್ಲಲಿಲ್ಲ.

ಅಚ್ಚಿನವರು ಪುಟಗಳನ್ನು ಹದಿನಾರು ಹದಿನಾರರ ಕಟ್ಟಾಗಿ ಕೇಳುತ್ತಾರೆ. ಹುಡುಗರ ಲೇಖನ ಹಾಗೆ ಅಳತೆಗೆ ಬರುತ್ತದೆಯೇ? ಅಲ್ಲೊಂದು ಅರ್ಧ ಪುಟ, ಇಲ್ಲೊಂದು ಕಾಲು ಪುಟ ಬೋಳುಬೋಳಾಗಿ ಉಳಿಯುತ್ತದೆ. ಮೊದಲ ವರ್ಷ ಅಂಥ ಕಡೆ ಹೂವಿನ ಚಿತ್ರ ಹಾಕಿದಳು. ಮದುವೆ ಕಾಗದದ ಹಾಗಿದೆ ಎಂದು ಆಗಿನ ಸಂಪಾದಕ ಮೂಗು ಮುರಿದ. ಎರಡನೆಯ ವರ್ಷ ಒಂದು ಸಿನಿಮಾ ಹಾಡಿನ ಬಗ್ಗೆ ತಾನೇ ಹತ್ತು ಸಾಲು ಬರೆದು ತುಂಬಿದಳು. ಕೆಳಗೆ 'ಒಬ್ಬ ವಿದ್ಯಾರ್ಥಿನಿ, ದ್ವಿತೀಯ ವರ್ಷ, ಡಿ ವಿಭಾಗ' ಎಂದು ಹಾಕಿದಳು. ಕಾಲೇಜಿನಲ್ಲಿದ್ದದ್ದು ಎ, ಬಿ, ಸಿ ಮೂರೇ. ಯಾರೂ ಎಣಿಸಲಿಲ್ಲ. ಅಲ್ಲಿಂದಾಚೆಗೆ ವರ್ಷ ವರ್ಷವೂ ಆ ಹುಡುಗಿ ಬರೆಯುತ್ತಲೇ ಬಂದಳು. ಎರಡನೇ ವರ್ಷ ಮಾತ್ರ ದಾಟಲಿಲ್ಲ.

ಹೋದ ವರ್ಷದ ಸಂಚಿಕೆಯಲ್ಲಿ ಅವಳು ಬರೆದದ್ದು ಅಗಲ ಕಾಲಿನ ಪ್ಯಾಂಟಿನ ಬಗ್ಗೆ. ಹೊಸ ಫ್ಯಾಷನ್ ಎಂದು ಬೀಗಬೇಡಿ, ಇದು ಹಿಂದೊಮ್ಮೆ ಬಂದು ಹೋಗಿದೆ. ಹಿಮ್ಮಡಿಯ ಹತ್ತಿರ ನೆಲಕ್ಕೆ ಉಜ್ಜಿ ಅಂಚು ಹರಿಯುತ್ತದೆ, ಒಳಗಡೆಯಿಂದ ಹಳೆಯ ಜಿಪ್ಪು ಹೊಲಿದರೆ ನಾಲ್ಕು ವರ್ಷ ಬಾಳುತ್ತದೆ ಎಂದು. ಕಾಲೇಜಿಗೆ ಕಾಲೇಜೇ ಹಳೆಯ ಜಿಪ್ಪು ಹಿಡಿದುಕೊಂಡು ಅಣ್ಣನ ಮುಂದೆ ಸಾಲುಗಟ್ಟಿತು.

ಈ ಸಲದ ಸಂಪಾದಕಿ ಕಡೆಯ ವರ್ಷದ ಹುಡುಗಿ. ಒಂದು ಮಧ್ಯಾಹ್ನ ಬಂದವಳು ಕುರ್ಚಿ ಎಳೆದು ಕೂತಳು. ಅವಳ ಪ್ಯಾಂಟಿನ ಅಂಚಿನಲ್ಲೂ ಜಿಪ್ಪಿತ್ತು.

"ಅಕ್ಕ, ಇದೇ ಕೊನೇ ಅಚ್ಚು. ಮುಂದಿನ ವರ್ಷದಿಂದ ಸಂಚಿಕೆ ಫೋನಲ್ಲೇ."

"ಪುಟ ಕಟ್ಟೋದು?"

"ಫೋನಲ್ಲಿ ಪುಟಾನೇ ಇಲ್ವಲ್ಲ. ಉದ್ದಕ್ಕೆ ಜಾರ್ಕೊಂಡು ಹೋಗುತ್ತೆ."

ಪುಟವೇ ಇಲ್ಲದ ಮೇಲೆ ಖಾಲಿ ಜಾಗವೆಲ್ಲಿಂದ? ಟೈಪಿನಕ್ಕನ ಬೆರಳು ನಿಂತಿತು. ಕೆಲಸ ಹೋಗುವುದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಟೈಪಿಗೆ ಬೇರೆ ಗಿರಾಕಿಗಳಿದ್ದರು. ಆದರೆ ಡಿ ವಿಭಾಗದ ಹುಡುಗಿ ಎಲ್ಲಿ ಬರೆಯಬೇಕು?

"ಅದಕ್ಕೇ ಆ ಜಿಪ್ಪಿನ ಹುಡುಗೀನ ಹಿಡೀಬೇಕು ಅಕ್ಕ. ಎಲ್ಲರೂ ಮೊದಲು ಓದೋದು ಅವಳದ್ದನ್ನೇ. ತಿಂಗಳಿಗೊಂದು ಬರೆಸ್ತೀವಿ. ಆಫೀಸಲ್ಲಿ ಕೇಳಿದ್ರೆ ಡಿ ವಿಭಾಗಾನೇ ಇಲ್ಲ ಅಂತಾರೆ. ನಿಮ್ಮತ್ರ ಕೈಬರಹ ಇರುತ್ತಲ್ಲ?"

ಇತ್ತು. ಆಮೇಲೆ ತಪ್ಪು ನಿನ್ನದು ತಪ್ಪು ನನ್ನದು ಎಂಬ ಜಗಳ ಬೇಡವೆಂದು ಟೈಪಿನಕ್ಕ ಹುಡುಗರ ಕೈಬರಹವನ್ನೆಲ್ಲ ಒಂದು ಕಬ್ಬಿಣದ ಕಂಬಿಗೆ ಚುಚ್ಚಿ ವರ್ಷವಿಡೀ ಇಡುತ್ತಿದ್ದಳು. ತನ್ನದನ್ನು ಮಾತ್ರ ಕಾಗದದಲ್ಲಿ ಬರೆದವಳಲ್ಲ, ನೇರ ಪರದೆಗೇ ಬಡಿಯುತ್ತಿದ್ದಳು. ಸಂಪಾದಕಿ ಕಂಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವತೊಡಗಿದಳು.

ಹಲಗೆಯ ಆಚೆಯಿಂದ ಅಣ್ಣನ ದನಿ ಬಂತು. "ಆ ಹುಡುಗಿ ಸಿಕ್ಕಿದ್ರೆ ನನಗೂ ತೋರ್ಸಮ್ಮ. ಜಿಪ್ಪು ಹೊಲಿದು ಹೊಲಿದು ನನ್ನ ಸೂಜಿ ಎಲ್ಲಾ ಮುರಿದ್ಹೋದ್ವು. ಏನೋ ಭಾರೀ ಕಂಡುಹಿಡಿದವಳ ಹಾಗೆ! ನಾನು ಕಾಲೇಜಲ್ಲಿದ್ದಾಗ ನನ್ನ ಪ್ಯಾಂಟಿಗೆ ಈ ನನ್ನ ತಂಗೀನೇ ಹೊಲಿದುಕೊಟ್ಟಿದ್ದಳು, ಹನ್ನೆರಡು ವರ್ಷದ ಪೋರಿ. ಅಪ್ಪನ ಬ್ಯಾಗಿನ ಜಿಪ್ಪು ಕಿತ್ತು! ಇಬ್ಬರ ಬೆನ್ನಿಗೂ ಬಿತ್ತು."

ಸಂಪಾದಕಿಯ ಕೈ ಹಾಳೆಯ ಮೇಲೆ ನಿಂತಿತು. ಆ ಬರಹದ ಕೊನೆಯ ಸಾಲು ಕಾಲೇಜಿನಲ್ಲಿ ಎಲ್ಲರಿಗೂ ಬಾಯಿಪಾಠ: 'ಅಪ್ಪನ ಬ್ಯಾಗಿನ ಜಿಪ್ಪು ಕೀಳಬೇಡಿ, ಬೆನ್ನಿಗೆ ಬೀಳುತ್ತದೆ.'

"ನೀವಾ ಅಕ್ಕ?"

ಸುಳ್ಳು ಹೇಳಲೂ ಮೈಯಲ್ಲಿ ಕಸುವು ಬೇಕು. "ಹೂಂ," ಎಂದಳು.

"ಎಷ್ಟು ವರ್ಷದಿಂದ?"

"ಇಪ್ಪತ್ತೊಂದು."

"ಅಕ್ಕ, ಸಂಚಿಕೆ ವಿದ್ಯಾರ್ಥಿಗಳದ್ದು."

"ಜಾಗ ಉಳೀತಿತ್ತು ಮಗಾ."

ಹುಡುಗಿ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಹಾಳೆಗಳನ್ನು ತಟ್ಟಿ ಸರಿಮಾಡಿ, ಕಂಬಿಯನ್ನು ಮೊದಲಿದ್ದಲ್ಲೇ ಇಟ್ಟು ಎದ್ದಳು. ಹೊಸ್ತಿಲ ಹತ್ತಿರ ತಿರುಗಿದಳು. "ನಲವತ್ತೇಳನೇ ಪುಟ ಅರ್ಧ ಖಾಲಿ ಇದೆ. ಬರೆಯೋದಾದ್ರೆ ನಿಮ್ಮ ಹೆಸರಲ್ಲೇ ಬರೀರಿ. ಇಲ್ದಿದ್ರೆ ಹೂವು ಹಾಕಿ."

ಅವಳು ಹೋದ ಮೇಲೆ ಟೈಪಿನಕ್ಕ ಅಭ್ಯಾಸಬಲದಿಂದ ಮೊದಲು ಕೊನೆಯ ಸಾಲನ್ನೇ ಬಡಿದಳು: ದ್ವಿತೀಯ ವರ್ಷ, ಡಿ ವಿಭಾಗ. ಅಳಿಸಿದಳು. ಅಲ್ಲಿ ತನ್ನ ಹೆಸರು ಹಾಕಿದಳು. ಪರದೆಯ ಮೇಲೆ ಅದು ಯಾರದೋ ಹೆಸರಿನಂತೆ ಕಂಡಿತು. ಹಾಡು, ಸಿನಿಮಾ, ಬಟ್ಟೆ ಯಾವುದೂ ಆ ಹೆಸರಿನ ಮೇಲೆ ಕೂರಲೊಲ್ಲದು. ಹತ್ತೊಂಬತ್ತರ ಹುಡುಗಿಯ ಬಾಯಲ್ಲಿ ಚುರುಕಾಗಿದ್ದ ಮಾತು ತನ್ನ ಬಾಯಲ್ಲಿ ಬರೀ ಗೊಣಗಾಟ.

"ಅಣ್ಣಾ, ಸ್ವಲ್ಪ ಹೊತ್ತು ಯಂತ್ರ ನಿಲ್ಸು."

"ಯಾಕೆ, ಕತ್ತು ನೋವಾ?"

"ಹೂಂ ಅನ್ಕೋ."

ಮೇಜಿನ ನಡುಕ ನಿಂತಿತು. ಅವಳು ಬರೆದಳು: 'ನಾನು ಎರಡನೇ ವರ್ಷಕ್ಕೆ ಹೋಗಲೇ ಇಲ್ಲ. ಮೊದಲ ವರ್ಷದ ಪರೀಕ್ಷೆ ಮುಗಿದ ವಾರ ಅಪ್ಪ ಹಾಸಿಗೆ ಹಿಡಿದರು.' ಆಮೇಲೆ ಬೆರಳು ನಿಲ್ಲಲಿಲ್ಲ. ಅರ್ಧ ಪುಟ ತುಂಬಿತು, ಇಪ್ಪತ್ತು ಸಾಲು ಕೆಳಗೆ ಚೆಲ್ಲಿತು. ಎಷ್ಟೋ ಮಕ್ಕಳ ಸಾಲುಗಳನ್ನು ಜಾಗವಿಲ್ಲವೆಂದು ಕತ್ತರಿಸಿದ ಕೈ ಇದು, ತನ್ನದರ ಮೇಲೆ ಆಡಲಿಲ್ಲ. ಸಂಪಾದಕಿಗೆ ಫೋನು ಮಾಡಿದಳು.

"ಇಪ್ಪತ್ತು ಸಾಲು ಜಾಸ್ತಿ ಆಗಿದೆ ಮಗಾ."

"ಕಳಿಸಿ, ಮೊದಲು ಓದ್ತೀನಿ," ಎಂದಳು ಹುಡುಗಿ. ಓದಿ ತಾನೇ ಮತ್ತೆ ಫೋನು ಮಾಡಿದಳು. "ನನ್ನ ಸಂಪಾದಕೀಯದಲ್ಲಿ ಇಪ್ಪತ್ತು ಸಾಲು ತೆಗೀರಿ, ನಿಮ್ಮ ಉಳಿದ ಸಾಲು ಅಲ್ಲಿಗೆ ಹೋಗ್ಲಿ. ಹೆಂಗೂ ಅದನ್ನ ಯಾರೂ ಓದಲ್ಲ."

ಟೈಪಿನಕ್ಕ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. ಖುಷಿ ಪಡಲೂ ಆಗದಷ್ಟು ಸುಸ್ತಾಗಿತ್ತು.

"ನಾಳೆ ತೆಗೀತೀನಿ," ಎಂದಳು. ಹಲಗೆಗೆ ಎರಡು ಸಲ ತಟ್ಟಿದಳು. ಅಣ್ಣನ ಯಂತ್ರ ಮತ್ತೆ ಶುರುವಾಯಿತು, ಮೇಜು ನಡುಗಿತು.